ಮಗಳಿಗೆ ಹಳೇ ಬೆಂಗಳೂರು ತೋರಿಸಬೇಕು, ಎಲ್ಲಿಂದ ಶುರು ಮಾಡಲಿ?

ಮಗಳು ಆರನೇ ಕ್ಲಾಸು. ಕೆಂಪೇಗೌಡರ ಪಾಠ ಓದಿದಾಗಿನಿಂದ "ಅಪ್ಪಾ, ಅದೆಲ್ಲ ಈಗ ಎಲ್ಲಿದೆ?" ಅಂತ ಕೇಳ್ತಿದ್ದಾಳೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಆಗಿದೆ. ಜನ ಮರೆತಿರೋ ಜಾಗಗಳನ್ನ ನೋಡಿದವರು ದಯವಿಟ್ಟು ಹೇಳಿ. ನಮಗೆ ಬಿಡುವು ಭಾನುವಾರ ಮಾತ್ರ.

*

ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಗೆ ಹೋಗಿ ಸರ್. ಹನ್ನೆರಡು ವರ್ಷ ಅದರೆದುರೇ ಬಸ್ ಹಿಡಿದರೂ ನಾನು ಒಳಗೆ ಕಾಲಿಟ್ಟಿರಲಿಲ್ಲ. ಗೋಡೆಯಲ್ಲಿ ಒಂದು ಕಲ್ಲುಫಲಕ ಇದೆ, ಮಗಳ ಕೈಲೇ ಹುಡುಕಿಸಿ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ್ದು ಇಲ್ಲಿಂದಲೇ ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಟಿಪ್ಪುವಿನ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಾಧಿಕಾರಿ, ಬಹದ್ದೂರ್ ಖಾನ್ ಅವತ್ತು ಕಾದಾಡಿಯೇ ಸತ್ತ. ಅವನ ಹೆಸರು ಫಲಕದಲ್ಲಿಲ್ಲ, ಅದನ್ನ ನೀವೇ ಹೇಳಿಕೊಡಿ. ಆ ಯುದ್ಧದಲ್ಲಿ ಸತ್ತ ಇಂಗ್ಲಿಷರಿಗೆ ಮಾತ್ರ ಕಾರ್ಪೊರೇಷನ್ ಹತ್ತಿರ ಎತ್ತರದ ಸ್ಮಾರಕ (ಇಂಗ್ಲಿಷಿನಲ್ಲಿ ಸೆನೊಟಾಫ್) ಇತ್ತು, 1964ರಲ್ಲಿ ಕೆಡವಿದರು. ಈಗಿನ ನೃಪತುಂಗ ರಸ್ತೆಗೆ ಸೆನೊಟಾಫ್ ರೋಡ್ ಅನ್ನೋ ಹಳೇ ಹೆಸರು ಬಂದಿದ್ದೇ ಅದರಿಂದ.

*

ಅದೇ ಮಾರ್ಕೆಟ್ ಹತ್ತಿರ 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹತ್ತಿತು. ಅದನ್ನೂ ಹೇಳಿ.

*

ನಾನಾದರೆ ಕೆರೆಗಳನ್ನೇ ತೋರಿಸ್ತೀನಿ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪಕ್ಕದ ಟ್ಯಾಂಕ್ ಬಂಡ್ ರೋಡ್ ಅಂದರೆ ಕೆರೆ ಏರಿ ರಸ್ತೆ. ನೀರು ಹೋಗಿ ಹೆಸರೊಂದೇ ಉಳಿದಿದೆ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಅದರ ಮಗ್ಗುಲಲ್ಲಿ ಚೌಕನೆಯ ಒಂದು ಕೊಳ ಮಾತ್ರ ಉಳಿಸಿದ್ದಾರೆ, ಕರಗದ ಪೂಜೆಗೆ ಬೇಕಲ್ಲ, ಅದಕ್ಕೆ. ಆ ಕೊಳದ ಮುಂದೆ ನಿಂತಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

*

ದೂರ ಆದರೂ ಬೇಗೂರು ಬಿಡಬೇಡಿ ಅಣ್ಣಾ. ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ ಒಂದು ಕಲ್ಲಿದೆ, ಸುಮಾರು ಕ್ರಿ.ಶ. 890ರದ್ದು. ಬೆಂಗಳೂರು ಕಾಳಗದಲ್ಲಿ ಸತ್ತವರ ಮಾತು ಅದರಲ್ಲಿದೆ. ಅಂದರೆ ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟೋಕೆ ಆರೂವರೆ ಶತಮಾನ ಮುಂಚೆಯೇ ಈ ಹೆಸರಿತ್ತು. ವೀರಬಲ್ಲಾಳ ಬೆಂದ ಕಾಳು ತಿಂದ ಕತೆ ನಾವೆಲ್ಲ ಕೇಳಿದ್ದೀವಿ. ಅವನು ಬಂದಿದ್ದು ಈ ಕಲ್ಲಿಗಿಂತ ಸುಮಾರು ಮುನ್ನೂರು ವರ್ಷ ಆಮೇಲೆ. ನನ್ನ ಮಗನಿಗೆ ಹಳಗನ್ನಡದ ಲಿಪಿ ಮೊದಲು ತಿಳೀಲಿಲ್ಲ. ಮೊಬೈಲ್ ಟಾರ್ಚ್ ಪಕ್ಕದಿಂದ ಓರೆಯಾಗಿ ಹಿಡಿದೆ, ಗೆರೆಗಳು ಎದ್ದು ಕಂಡವು. ಒಂದೊಂದೇ ಅಕ್ಷರ ಗುರುತು ಹಿಡಿಯುತ್ತಾ ಅರ್ಧ ಗಂಟೆ ಕೂತ. ಬೆಳಿಗ್ಗೆ ಬೇಗ ಹೋಗಿ. ಕಲ್ಲಿನ ಮೇಲೆ ಸೀಮೆಸುಣ್ಣ ಮಾತ್ರ ಉಜ್ಜಬೇಡಿ.