ಗೀಸರ್ ಒಳಗೆ ಸಿಕ್ಕ ಈ ಕಡ್ಡಿ ಏನು? ಹೊಸದು ಎಲ್ಲಿ ಸಿಗುತ್ತದೆ?

ಬಚ್ಚಲುಮನೆ:
ಗೀಸರ್‌ನಲ್ಲಿ ನೀರು ಸರಿಯಾಗಿ ಕಾಯುತ್ತಿರಲಿಲ್ಲ. ಕೆಳಗಿನ ತಟ್ಟೆ ಬಿಚ್ಚಿದೆ. ಕಾಯಿಲ್ ಪಕ್ಕದಲ್ಲಿ ಅದೇ ತಟ್ಟೆಗೆ ಕೂತ ಇನ್ನೊಂದು ವಸ್ತು ಹೊರಬಂತು. ಸಣ್ಣ ಉಕ್ಕಿನ ಕಡ್ಡಿ, ಅದರ ಮೇಲೆ ಅಲ್ಲಲ್ಲಿ ಹುಳು ತಿಂದಂತಿರುವ ಬೂದು ಲೋಹ, ಮುಟ್ಟಿದರೆ ಬಿಳಿ ಪುಡಿ. ಚಿತ್ರ ಹಾಕಿದ್ದೇನೆ. ಸೇವಾ ಕೇಂದ್ರಕ್ಕೆ ಫೋನ್ ಮಾಡಿದರೆ "ಆ ಮಾದರಿ ನಿಂತುಹೋಗಿದೆ, ಹೊಸ ಗೀಸರ್ ತೆಗೆದುಕೊಳ್ಳಿ" ಎನ್ನುತ್ತಾರೆ. ಇದರ ಹೆಸರಾದರೂ ಗೊತ್ತಾದರೆ ಅಂಗಡಿಯಲ್ಲಿ ಕೇಳಬಹುದು. ಮನೆಯಲ್ಲಿ ಎಲ್ಲರೂ ತಣ್ಣೀರು ಸ್ನಾನ ಮಾಡಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ.

ವೋಲ್ಟ್230:
ಥರ್ಮೋಸ್ಟಾಟ್ ಕಡ್ಡಿ. ಅನುಮಾನವೇ ಬೇಡ. ಸುಟ್ಟುಹೋಗಿದೆ, ಅದಕ್ಕೇ ನೀರು ಕಾಯುತ್ತಿಲ್ಲ.

ಬಚ್ಚಲುಮನೆ:
ಥರ್ಮೋಸ್ಟಾಟ್ ಬೇರೆಯೇ ಇದೆ. ತಟ್ಟೆಯ ಹೊರಬದಿಯಿಂದ ಕೊಳವೆಯೊಳಗೆ ತೂರಿಕೊಂಡಿತ್ತು, ಎಳೆದರೆ ಬಂತು. ಈ ಕಡ್ಡಿಗೆ ಒಂದು ತಂತಿಯೂ ಇಲ್ಲ.

ವೋಲ್ಟ್230:
ಹಾಗಾದರೆ ಎರಡನೇ ಕಾಯಿಲ್ ಇರಬೇಕು, ತಂತಿ ಉದುರಿದೆ. ಮಲ್ಟಿಮೀಟರ್ ಹಿಡಿದು ನೋಡಿ. 2 ಕಿಲೋವ್ಯಾಟ್ ಆದರೆ ಸುಮಾರು 26 ಓಮ್ ಬರಬೇಕು, 3 ಕಿಲೋವ್ಯಾಟ್ ಆದರೆ 17-18. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ ಎಂದೇ ಅರ್ಥ.

ಬಚ್ಚಲುಮನೆ:
ಕಾಯಿಲ್ 27 ತೋರಿಸುತ್ತಿದೆ, ಅದು ಚೆನ್ನಾಗಿದೆ. ಕಡ್ಡಿಗೆ ಇರುವುದು ಒಂದೇ ತಿರುಪು. ಇನ್ನೊಂದು ತುದಿ ನೀರಿನಲ್ಲಿ ನೇತಾಡುತ್ತದೆ. ಮೀಟರಿನ ಎರಡನೇ ತಂತಿಯನ್ನು ಎಲ್ಲಿಗೆ ಹಿಡಿಯಲಿ?

ವೋಲ್ಟ್230:
ಒಂದೇ ತುದಿ ಎಂದರೆ ಅರ್ಥಿಂಗ್ ಕಡ್ಡಿ. ಮೊದಲೇ ಹೇಳಬೇಕಿತ್ತು.

ಪಾನಾಪ್ರಿಯ:
ಒಂದು ಕಡ್ಡಿಗೆ ಮೂರು ನಾಮಕರಣ ಆಯಿತು. ಇದು ಮೆಗ್ನೀಸಿಯಂ ಆನೋಡ್, ಅಂದರೆ ಅದರಲ್ಲಿ ಉಳಿದ ಅಸ್ಥಿ. ಹೊಸದು ಸುಮಾರು 20 ಮಿಲಿಮೀಟರ್ ದಪ್ಪ ಇರುತ್ತದೆ, ಒಳಗೆ ಉಕ್ಕಿನ ತಂತಿ. ನಿಮ್ಮ ಕೈಯಲ್ಲಿರುವುದು ಬಹುಪಾಲು ಆ ತಂತಿಯೇ.

ಟ್ಯಾಂಕ್ ಉಕ್ಕಿನದು, ಒಳಗೆ ಗಾಜಿನ ಲೇಪ. ಲೇಪದಲ್ಲಿ ಎಲ್ಲೋ ಒಂದು ಸೂಕ್ಷ್ಮ ರಂಧ್ರ ಇದ್ದೇ ಇರುತ್ತದೆ, ಬಿಸಿನೀರು ಅಲ್ಲಿಂದ ಉಕ್ಕಿಗೆ ಕೈಹಾಕುತ್ತದೆ. ಮೆಗ್ನೀಸಿಯಂ ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಹಾಗಾಗಿ ಅದು ಮೊದಲು ಕರಗುತ್ತದೆ, ಟ್ಯಾಂಕ್ ಉಳಿಯುತ್ತದೆ. ಕರಗುವುದೇ ಅದರ ಉದ್ಯೋಗ. ಕಡ್ಡಿ ಮುಗಿದ ಮೇಲೆ ಟ್ಯಾಂಕಿನ ಸರದಿ.

ನೀರು ಕಾಯದಿರುವುದು ಬೇರೆ ರೋಗ. ಎಷ್ಟು ಲೀಟರ್ ಗೀಸರ್, ಎಷ್ಟು ವರ್ಷದ್ದು, ಯಾವ ನೀರು, ಕಾಯಿಲ್ ಮೇಲೆ ಎಷ್ಟು ಸುಣ್ಣ? ಇದನ್ನೆಲ್ಲ ಹೇಳದೆ ಔಷಧ ಕೇಳಿದರೆ ಹೇಗೆ?

ಬಚ್ಚಲುಮನೆ:
25 ಲೀಟರ್. ಮಾಮೂಲಿ ನೀರು. ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಇದೆ, ಅದು ಎಲ್ಲರ ಮನೆಯಲ್ಲೂ ಇರುತ್ತದಲ್ಲ?

ಪಾನಾಪ್ರಿಯ:
ಬೆರಳು ದಪ್ಪವೇ! ಅದೇ ನಿಮ್ಮ ರೋಗ. ಕಾಯಿಲಿನ ಶಾಖ ನೀರಿಗೆ ಇಳಿಯದೆ ಅಲ್ಲೇ ನಿಲ್ಲುತ್ತದೆ. ಪಕ್ಕದ ಥರ್ಮೋಸ್ಟಾಟ್ ನೀರು ಕಾಯಿತೆಂದು ತಿಳಿದು ಕರೆಂಟ್ ಕಡಿಯುತ್ತದೆ. ಕಾಯಿಲ್ ಅನ್ನು ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿ, ವಿದ್ಯುತ್ ಟರ್ಮಿನಲ್‌ಗಳು ಮಾತ್ರ ಒದ್ದೆಯಾಗಬಾರದು. ಸುತ್ತಿಗೆಯಿಂದ ಕುಟ್ಟಬೇಡಿ, ಹೊರಕವಚ ಬಿರಿಯುತ್ತದೆ.

ತಾಮ್ರದಹಂಡೆ:
ಇದಕ್ಕೇ ನಾನು ಗೀಸರ್ ಇಟ್ಟಿಲ್ಲ. ಅಜ್ಜಿಯ ಕಾಲದ ತಾಮ್ರದ ಹಂಡೆ, ಅಡಿಕೆ ಸಿಪ್ಪೆಯ ಒಲೆ. ಆನೋಡೂ ಇಲ್ಲ, ಕ್ಯಾಥೋಡೂ ಇಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮುಖ ಕಾಣುತ್ತದೆ. ಹೊಸ ಚಿತ್ರ ಹಾಕಿದ್ದೇನೆ, ಪಕ್ಕದಲ್ಲಿ ಹಿತ್ತಾಳೆ ಕೊಳಗವೂ ಇದೆ.

ವೋಲ್ಟ್230:
ಬೆಂಗಳೂರಿನ ಮೂರನೇ ಮಹಡಿಯಲ್ಲಿ ಅಡಿಕೆ ಸಿಪ್ಪೆ ಉರಿಸಲೇ? ತಾರಸಿಯಲ್ಲಿ 200 ಲೀಟರ್ ಸೋಲಾರ್ ಇಟ್ಟುಕೊಂಡಿದ್ದೇನೆ, ಗಾಜಿನ ನಳಿಕೆಯದು.

ತಾಮ್ರದಹಂಡೆ:
ಆಷಾಢದಲ್ಲಿ ನಿಮ್ಮ ಗಾಜಿನ ನಳಿಕೆ ಏನು ಮಾಡುತ್ತದೆ, ಹೇಳಿ ನೋಡೋಣ.

ವೋಲ್ಟ್230:
ಅದರೊಳಗೂ 2 ಕಿಲೋವ್ಯಾಟ್ ಕಾಯಿಲ್ ಇದೆ. ನಿಮ್ಮ ಸಿಪ್ಪೆ ಮಳೆಯಲ್ಲಿ ಒಣಗಿರುತ್ತದೆಯೇ?

ಕೊಳವೆಬಾವಿ:
ಹಂಡೆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. "ಮಾಮೂಲಿ ನೀರು" ಎಂದರೆ ಕಾವೇರಿಯೋ ಬೋರ್‌ವೆಲ್ಲೋ? ನಮ್ಮ ಕೋಲಾರದ ಕಡೆ ಬೋರ್ ನೀರಿಗೆ ಕಾಯಿಲ್ ಬಿಳಿ ಕೋಲಾಗಿಬಿಡುತ್ತದೆ. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಏನಾದರೂ ಹಾಕಿಸಿದ್ದೀರಾ?

ಬಚ್ಚಲುಮನೆ:
ಬೋರ್‌ವೆಲ್. ಅಪಾರ್ಟ್‌ಮೆಂಟಿನವರು ಕಳೆದ ವರ್ಷ ಸಾಫ್ಟ್‌ನರ್ ಹಾಕಿಸಿದರು. ಅದು ಬಂದ ಮೇಲೆ ಸುಣ್ಣ ಹೆಚ್ಚಲಿಲ್ಲ, ಇರುವುದೆಲ್ಲ ಹಳೆಯದು. ಅದಕ್ಕೂ ಕಡ್ಡಿಗೂ ಏನು ಸಂಬಂಧ? ಇನ್ನೊಂದು ವಿಷಯ: ಬೆಳಗಿನ ಮೊದಲ ಬಿಸಿನೀರು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಚರಂಡಿಯದ್ದೆಂದು ಪ್ಲಂಬರನಿಗೆ ದುಡ್ಡು ಸುರಿದಾಗಿದೆ.

ಪಾನಾಪ್ರಿಯ:
ಇಷ್ಟು ಮುಖ್ಯವಾದದ್ದು ಈಗ ಬಂತು! ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಸುಣ್ಣದ ಹೊದಿಕೆ ಬೆಳೆಯುವುದಿಲ್ಲ, ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಕಡ್ಡಿ ಇನ್ನೂ ಬೇಗ ಸವೆಯುತ್ತದೆ. ವಾಸನೆ ಬ್ಯಾಕ್ಟೀರಿಯಾದ್ದು. ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ, ಮೆಗ್ನೀಸಿಯಂ ಅದಕ್ಕೆ ನೆರವಾಗುತ್ತದೆ. ತಣ್ಣೀರಿನ ನಲ್ಲಿಯಲ್ಲಿ ವಾಸನೆ ಇಲ್ಲದೆ ಬಿಸಿನೀರಿನಲ್ಲಿ ಮಾತ್ರ ಇದ್ದರೆ ಗೀಸರ್‌ನದ್ದೇ. ಒಮ್ಮೆ 60 ಡಿಗ್ರಿ ದಾಟುವಷ್ಟು ಕಾಯಿಸಿ ಪೂರ್ತಿ ಹರಿಸಿ, ಮೈಮೇಲೆ ಬಿಡಬೇಡಿ. ಹೋಗದಿದ್ದರೆ ಅಲ್ಯೂಮಿನಿಯಂ-ಜಿಂಕ್ ಮಿಶ್ರಲೋಹದ ಕಡ್ಡಿ ಹಾಕಿ.

ಕಡ್ಡಿ ಕೊಳ್ಳುವಾಗ "25 ಲೀಟರ್‌ದು ಕೊಡಿ" ಎಂದು ಕೇಳಬೇಡಿ. ಹಳೆಯದನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ತಿರುಪಿನ ದಪ್ಪ ಎಂ5, ಎಂ6, ಎಂ8 (ಅಂದರೆ 5, 6, 8 ಮಿಲಿಮೀಟರ್) ಎಂದು ಬೇರೆ ಬೇರೆ ಬರುತ್ತದೆ. ಉದ್ದ ಸ್ವಲ್ಪ ಕಡಿಮೆಯಾದರೆ ನಡೆಯುತ್ತದೆ, ಹೆಚ್ಚಾದರೆ ಟ್ಯಾಂಕಿಗೆ ತಾಗುತ್ತದೆ. ತಟ್ಟೆಯ ರಬ್ಬರ್ ಗ್ಯಾಸ್ಕೆಟ್ಟನ್ನೂ ಹೊಸದು ಕೊಳ್ಳಿ.

ವೋಲ್ಟ್230:
ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಿ, ಸೋರುವುದಿಲ್ಲ.

ಪಾನಾಪ್ರಿಯ:
ಕಡ್ಡಿಯ ತಿರುಪು ಪೂರ್ತಿ ಟ್ಯಾಂಕಿನ ಒಳಗೇ ಇದೆ, ಸೋರುವುದು ಎಲ್ಲಿಗೆ? ಲೋಹ ಲೋಹಕ್ಕೆ ತಾಗಬೇಕು, ತಾಗದಿದ್ದರೆ ಕಡ್ಡಿ ಶೋಕಿಗೆ ನೇತಾಡುತ್ತದೆ ಅಷ್ಟೇ. ಟೇಪ್ ಬೇಡ.

ವೋಲ್ಟ್230:
ಟೇಪನ್ನು ಹರಿದುಕೊಂಡು ತಿರುಪಿನ ಅಂಚು ತಾಗಿಯೇ ತಾಗುತ್ತದೆ. ನಮ್ಮ ಸೋಲಾರ್ ಟ್ಯಾಂಕಿಗೆ ಹಾಗೇ ಹಾಕಿದ್ದೇವೆ.

ಪಾನಾಪ್ರಿಯ:
ನಿಮ್ಮದರಲ್ಲಿ ತಿರುಪು ಹೊರಗಿನಿಂದ ಬರುತ್ತದೆ. ಅದು ಬೇರೆ, ಇದು ಬೇರೆ.

ಬಚ್ಚಲುಮನೆ:
ಎಸ್.ಪಿ. ರಸ್ತೆಯ ಒಂದು ಓಣಿಯಲ್ಲಿ ಎಂ6 ಕಡ್ಡಿ ಸಿಕ್ಕಿತು. ಅಂಗಡಿಯವನು ಹಳೆಯದನ್ನು ಒಂದು ಸಲ ನೋಡಿ, ಮಾತಾಡದೆ ಡಬ್ಬದಿಂದ ತೆಗೆದುಕೊಟ್ಟ. ಕಾಯಿಲ್ ಸ್ವಚ್ಛವಾಯಿತು, ನೀರು ಬೇಗ ಕಾಯುತ್ತಿದೆ. ಈಗ ತಟ್ಟೆಯ ಅಂಚಿನಲ್ಲಿ ಹನಿ ಸೋರುತ್ತಿದೆ. ಗ್ಯಾಸ್ಕೆಟ್ ಹೊಸದೇ. ಇನ್ನೂ ಬಿಗಿಯಲೇ?

ಪಾನಾಪ್ರಿಯ:
ಮೊದಲು ಕರೆಂಟ್ ತೆಗೆಯಿರಿ, ಹನಿ ಬೀಳುವ ಜಾಗದಲ್ಲೇ ಟರ್ಮಿನಲ್ ಇದೆ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸಾಲಾಗಿ ಬಿಗಿದಿರೋ, ಎದುರುಬದುರಾಗಿಯೋ? ಗ್ಯಾಸ್ಕೆಟ್ ಕೂರುವ ಅಂಚಿನ ಸುಣ್ಣ ಕೆರೆದಿರಾ?

ಮೂರನೇಮಹಡಿ:
ನಮ್ಮದು 15 ಲೀಟರ್, ಇದೇ ವಾಸನೆ. ತಟ್ಟೆಗೆ ಆರು ಬೋಲ್ಟ್, ಅದರಲ್ಲಿ ಎರಡು ತುಕ್ಕು ಹಿಡಿದು ತಿರುಗುತ್ತಿಲ್ಲ. ಏನು ಮಾಡಲಿ?

ತಾಮ್ರದಹಂಡೆ:
ಹಂಡೆ ಬೇಕಿದ್ದರೆ ಹೇಳಿ, ಅಟ್ಟದ ಮೇಲೆ ಇನ್ನೊಂದು ಇದೆ.