ಪ್ರೆಷರ್ ‘ನಿಲ್ಲಬೇಕು’ ಅಂದರೆ ಇರಬೇಕಾ, ಹೋಗಬೇಕಾ?

ಗೆಳೆಯರೇ, ‘ನಿಲ್ಲು’ ಪದದ ಬಗ್ಗೆ ಒಂದು ಪ್ರಶ್ನೆ. ಪೆಟ್ರೋಲ್ ಕಾರು ಬೇಗ ಸ್ಟಾರ್ಟ್ ಆಗದಿದ್ದಾಗ ಫ್ಯೂಯಲ್ ಪ್ರೆಷರ್ ನೋಡುವುದು ಹೇಗೆ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಎಂಜಿನ್ ಆಫ್ ಮಾಡಿದ ಮೇಲೆ ಪ್ರೆಷರ್ ನಿಲ್ಲಬೇಕು’ ಅಂತ ಬರೆದಿದ್ದೆ. ಓದಿದವರೊಬ್ಬರು ಅದು ಸೊನ್ನೆಗೆ ಬರಬೇಕು ಅಂದುಕೊಂಡರು. ತಪ್ಪು ಅವರದ್ದಲ್ಲ. ಮಳೆ ನಿಂತರೆ ಮಳೆ ಇಲ್ಲ, ಹೊಂಡದಲ್ಲಿ ನೀರು ನಿಂತರೆ ನೀರು ಅಲ್ಲೇ ಇದೆ, ಅಲ್ವಾ?

ನನಗೆ ಬೇಕಾದ್ದು ಹೊಂಡದ ನೀರಿನ ಅರ್ಥ. ಫ್ಯೂಯಲ್ ರೈಲಿಗೆ, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಹಂಚುವ ಪೈಪಿಗೆ, ಪ್ರೆಷರ್ ಅಳೆಯುವ ಗೇಜ್ ಹಾಕಿ ಕೀ ಆನ್ ಮಾಡಿದರೆ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನುತ್ತದೆ, ಮುಳ್ಳು ಏರುತ್ತದೆ, ಎಷ್ಟೋ ಗಾಡಿಗಳಲ್ಲಿ ಪ್ರೆಷರ್ ಅಳತೆಯಲ್ಲಿ 3ರಿಂದ 4 ಬಾರ್‌ವರೆಗೆ. ಆಫ್ ಮಾಡಿದ ಮೇಲೂ ಆ ಮುಳ್ಳು ಬಹಳ ಹೊತ್ತು ಮೇಲೇ ಇರಬೇಕು. ಕಣ್ಣೆದುರೇ ಜಾರಿದರೆ ಮತ್ತೆ ಸ್ಟಾರ್ಟ್ ಮಾಡುವಾಗ ರೈಲು ತುಂಬುವವರೆಗೆ ಸೆಲ್ಫ್ ಹೊಡೆಯುತ್ತಲೇ ಇರಬೇಕು. ಎರಡು ಮೂರು ಸಲ ಸುಮ್ನೆ ಕೀ ಆನ್-ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೆದಾಗ ತಕ್ಷಣ ಹಿಡಿದರೆ ಅನುಮಾನ ಇಲ್ಲಿಗೇ ಬರುತ್ತದೆ.

ಇದಕ್ಕೆ ‘ಸೋರುತ್ತಿದೆ’ ಅನ್ನಲು ನನಗೆ ಮನಸ್ಸಿಲ್ಲ. ಸೋರುವುದು ಅಂದ ಕೂಡಲೇ ಜನ ಗಾಡಿ ಕೆಳಗೆ ಬಗ್ಗಿ ಒದ್ದೆ ಹುಡುಕುತ್ತಾರೆ. ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಭಾಗ) ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಪೆಟ್ರೋಲ್ ಟ್ಯಾಂಕಿಗೇ ವಾಪಸ್ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಪೈಪಿನ ಜಾಯಿಂಟಿನಲ್ಲಿ ಸ್ವಲ್ಪ ಸ್ವಲ್ಪವೇ ಬರುವುದಕ್ಕೆ ‘ಜಿನುಗು’ ಇದೆ. ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಮುಚ್ಚಿಕೊಳ್ಳದೆ ಎಂಜಿನ್ನಿನ ಒಳಗೇ ಬೀಳಿಸುವುದಕ್ಕೆ ‘ತೊಟ್ಟಿಕ್ಕು’ ಚೆನ್ನಾಗಿ ಒಪ್ಪುತ್ತದೆ. ಆಗ ಸ್ಟಾರ್ಟ್ ಆದ ಕೂಡಲೇ ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬರಬಹುದು. ಇವು ಮೂರೂ ಬೇರೆ ಬೇರೆ ತೊಂದರೆಗಳು, ರಿಪೇರಿಯೂ ಬೇರೆ. ಎಲ್ಲಕ್ಕೂ ‘ಲೀಕ್’ ಅಂದುಬಿಟ್ಟರೆ ಓದುವವರು ತಪ್ಪು ಭಾಗ ಬಿಚ್ಚುತ್ತಾರೆ.

ಸದ್ಯಕ್ಕೆ ‘ಪ್ರೆಷರ್ ಇಳಿಯುತ್ತಿದೆ’ ಅಂತ ಬದಲಾಯಿಸಿದ್ದೇನೆ. ಟೈರಿನ ಗಾಳಿ ಇಳಿಯುತ್ತದೆ, ಜ್ವರ ಇಳಿಯುತ್ತದೆ. ಎಲ್ಲಿಗೆ ಹೋಯಿತು ಅಂತ ಆ ಪದ ಹೇಳುವುದಿಲ್ಲ, ಅದೇ ಇಲ್ಲಿ ಅನುಕೂಲ. ಆದರೆ ಇಳಿಯದೆ ಹಾಗೇ ಇರುವ ಪ್ರೆಷರ್‌ಗೆ ಏನನ್ನೋಣ? ‘ಶೇಷ ಒತ್ತಡ’ ಅಂದರೆ ಭಾಗಾಕಾರದ ಲೆಕ್ಕ ನೆನಪಾಗುತ್ತದೆ. ‘ಪ್ರೆಷರ್ ಹಿಡಿದಿದೆ’ ಅನ್ನಬಹುದಾ? ನಿಮ್ಮ ಕಡೆ ಮೆಕ್ಯಾನಿಕ್‌ಗಳು ಇದಕ್ಕೆ ಏನನ್ನುತ್ತಾರೆ, ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ.