ಡಿಪ್ರೆಶನ್‌ಗೆ ಯಾವ ಮಾತ್ರೆ ಹಿಡಿಸುತ್ತೆ ಅಂತ ಟೆಸ್ಟಲ್ಲಿ ಮೊದ್ಲೇ ಗೊತ್ತಾಗುತ್ತಾ?

ಸಕ್ಕರೆನಾಡು:
ನಮ್ ಭಾವಂಗೆ ಡಿಪ್ರೆಶನ್ನು, ಮಂಡ್ಯದಲ್ಲೇ ತೋರಿಸ್ತಾ ಇದೀವಿ, ಎಸಿಟಲೋಪ್ರಾಮ್ ಕೊಟ್ಟಿದ್ರು ಎರಡು ತಿಂಗ್ಳು ತಗೊಂಡ್ರೂ ಏನೂ ಆಗ್ಲಿಲ್ಲ, ಈಗ ಬೇರೆ ಮಾತ್ರೆ. ಕಟಾವು ಶುರುವಾದ್ರೂ ಗದ್ದೆ ಕಡೆ ತಲೆ ಹಾಕ್ತಿಲ್ಲ. ಮೈಸೂರಲ್ಲಿ ಒಂದು ಲ್ಯಾಬ್‌ನೋರು ಜೀನ್ ಟೆಸ್ಟ್ ಮಾಡ್ಸಿ, ಸರಿಯಾದ ಮಾತ್ರೆ ಯಾವ್ದು ಅಂತ ಹೇಳ್ಬಿಡ್ತೀವಿ ಅಂತಾವ್ರೆ. ದುಡ್ಡು ಜಾಸ್ತಿ. ಮಾಡಿಸ್ಬೋದಾ?

ಕುವೆಂಪುನಗರ ಫಾರ್ಮಸಿ:
ಅರ್ಧ ನಿಜ ಹೇಳವ್ರೆ ಬಿಡಿ. ಅದ್ರಲ್ಲಿ ಮುಖ್ಯವಾಗಿ ನೋಡೋದು ಲಿವರ್‌ನಲ್ಲಿರೋ ಸಿವೈಪಿ2ಸಿ19, ಸಿವೈಪಿ2ಡಿ6 ಅನ್ನೋ ಎಂಜೈಮ್‌ಗಳ ಜೀನ್. ಎಸಿಟಲೋಪ್ರಾಮ್‌ನ ಹೆಚ್ಚಾಗಿ ಒಡೆಯೋದು ಮೊದಲನೇದು, ಅದು ಜೋರಾಗಿದ್ರೆ ರಕ್ತದಲ್ಲಿ ಮಾತ್ರೆ ಸಾಲಲ್ಲ, ನಿಧಾನ ಇದ್ರೆ ಸೈಡ್ ಎಫೆಕ್ಟ್ ಕಾಟ. ಡೋಸ್ ನಿರ್ಧಾರಕ್ಕೆ ಡಾಕ್ಟ್ರು ಕೇಳಿದ್ರೆ ಮಾಡ್ಸಿ. ಮನಸ್ಸು ಸರಿಹೋಗುತ್ತಾ ಅನ್ನೋದಕ್ಕೆ ಅದ್ರಲ್ಲಿ ಉತ್ತರ ಇಲ್ಲ.

ವಾರ್ಡ್ ಸಿಸ್ಟರ್:
ಮೊದಲನೇ ಮಾತ್ರೆ ಹಿಡಿಸ್ಲಿಲ್ಲ ಅಂತ ಗಾಬರಿ ಬೇಡಿ ಬ್ರದರ್, ಅಮೆರಿಕದಲ್ಲಿ ಸುಮಾರು 4,000 ಜನರ ಮೇಲೆ ಸ್ಟಾರ್-ಡಿ ಅಂತ ದೊಡ್ಡ ಅಧ್ಯಯನ ಮಾಡಿದ್ರು, 2006ರಲ್ಲಿ ರಿಸಲ್ಟ್ ಬಂತು, ಮೊದಲ ಮಾತ್ರೆಲೇ ಪೂರ್ತಿ ಹುಷಾರಾದೋರು ಮೂರರಲ್ಲಿ ಒಬ್ರು ಅಷ್ಟೇ. ಮಾತ್ರೆ ಹಿಡಿಸುತ್ತಾ ಮಾತಿನ ಥೆರಪಿ ಹಿಡಿಸುತ್ತಾ ಅಂತ ಬ್ರೈನ್ ಸ್ಕ್ಯಾನ್ ನೋಡಿ ಹೇಳೋಕೆ ಹೆಲೆನ್ ಮೇಬರ್ಗ್ ಅನ್ನೋ ಅಮೆರಿಕದ ನರರೋಗ ತಜ್ಞೆಯ ತಂಡ 2013ರಲ್ಲಿ ದಾರಿ ತೋರಿಸ್ತು, ಮಿದುಳಿನ ಇನ್ಸುಲಾ ಅನ್ನೋ ಜಾಗ ಎಷ್ಟು ಚುರುಕಾಗಿದೆ ಅಂತ ನೋಡಿ, ಆದ್ರೆ ಅದು ಇನ್ನೂ ಓಪಿಡಿಗೆ ಬಂದಿಲ್ಲ. ಸದ್ಯಕ್ಕೆ ಪುಕ್ಕಟೆ ಸಿಗೋ ಸುಳಿವೇ ವಾಸಿ: ಅವ್ರ ಅಪ್ಪ ಅಮ್ಮ ಅಣ್ಣ ತಮ್ಮಂದ್ರಿಗೆ ಯಾವ್ದಾದ್ರೂ ಮಾತ್ರೆ ಹಿಡಿಸಿತ್ತಾ, ಯಾವಾಗ್ಲಾದ್ರೂ ನಿದ್ದೆ ಇಲ್ದೇನೂ ವಿಪರೀತ ಉತ್ಸಾಹದಲ್ಲಿ ಓಡಾಡಿದ್ರಾ (ಬೈಪೋಲಾರ್, ಅಂದ್ರೆ ಮನಸ್ಸು ಕುಗ್ಗೋದು ವಿಪರೀತ ಉಬ್ಬೋದು ಎರಡೂ ಬರೋ ಕಾಯಿಲೆ ಇದ್ರೆ ಲೆಕ್ಕನೇ ಬೇರೆ), ಥೈರಾಯ್ಡ್ ನೋಡ್ಸಿದ್ರಾ, ಮಾತ್ರೆ ದಿನಾ ತಗೊಂಡ್ರಾ. ಹೊಸದು ಶುರುವಾಗಿ ಎರಡು ವಾರದಲ್ಲಿ ನಿದ್ದೆ, ಊಟ ಚೂರೂ ಸುಧಾರಿಸ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ಹೇಳಿ, ನೀವಾಗೇ ನಿಲ್ಲಿಸ್ಬೇಡಿ. ಕುಡಿಯೋ ಅಭ್ಯಾಸ?

ಸಕ್ಕರೆನಾಡು:
ಸಂಜೆ ಹೊತ್ತು ಹಾಕ್ತಾರೆ ಸಿಸ್ಟರ್. ಮಾನ ಹೋಗುತ್ತೆ ಅಂತ ಅಕ್ಕ ಡಾಕ್ಟ್ರ ಹತ್ರ ಬಾಯಿ ಬಿಟ್ಟಿಲ್ಲ.

ವಾರ್ಡ್ ಸಿಸ್ಟರ್:
ಅಯ್ಯೋ, ಅದನ್ನೇ ಮೊದ್ಲು ಹೇಳ್ಬೇಕಿತ್ತು! ಎಣ್ಣೆ ಒಳಗೆ ಹೋಗ್ತಾ ಇದ್ರೆ ಯಾವ ಮಾತ್ರೆ ಕೆಲ್ಸ ಮಾಡ್ತು ಅಂತ ಯಾರಿಗೆ ತಿಳಿಯುತ್ತೆ? ಹಂಗಂತ ಒಂದೇ ಸಲ ಬಿಡಿಸೋಕೂ ಹೋಗ್ಬೇಡಿ, ದಿನಾ ಕುಡಿಯೋರಿಗೆ ಫಿಟ್ಸ್ ಬರ್ಬೋದು, ಡಾಕ್ಟ್ರು ಹೇಳ್ದಂಗೆ ಬಿಡ್ಸಿ. ಮುಂದಿನ ಸಲ ನೀವೂ ಜೊತೆಗೆ ಹೋಗಿ. ಅಕ್ಕಂಗೆ 14416 ನಂಬರ್ ಕೊಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಭಾವ ಸಾಯೋ ಮಾತಾಡಿದ್ರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ ಕರ್ಕೊಂಡ್ ಹೋಗಿ.